ಸಾಸೇಜ್ ಸಿಪ್ಪೆಯೊಳಗೆ ಹರಿದ ರಕ್ತ!

ಒಂದು ಒಗಟು. ಬಿಡಿಸಿ ನೋಡೋಣ.

ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ ಒಂದು ಪೀಪಾಯಿ. ಅದರ ಮೈಸುತ್ತ ಹತ್ತಾರು ಮೀಟರ್ ಸಾಸೇಜ್ ಸಿಪ್ಪೆ. ಹೌದು, ಮಾಂಸದಂಗಡಿಯಲ್ಲಿ ಖೀಮಾ ತುಂಬಿ ಮಾಲೆಯಂತೆ ನೇತುಹಾಕುತ್ತಾರಲ್ಲ, ಅದೇ ಸಿಪ್ಪೆ! ಪೀಪಾಯಿಯ ಕೆಳಗೆ ಪಾತ್ರೆ ಕಾರ್ಖಾನೆಯವರು ಮಾಡಿಕೊಟ್ಟ ಎನಾಮಲ್ ತೊಟ್ಟಿ. ತೊಟ್ಟಿಯಲ್ಲಿ 100 ಲೀಟರ್ ಉಪ್ಪುನೀರು. ಪೀಪಾಯಿಯನ್ನು ತಿರುಗಿಸಲು ಒಂದು ಮೋಟಾರು. ತಿರುಗುವಾಗ ಕೊಳವೆಯ ಕೀಲಿನಲ್ಲಿ ಸೋರದಿರಲೆಂದು ಫೋರ್ಡ್ ಕಾರಿನ ನೀರಿನ ಪಂಪಿನಿಂದ ಎರವಲು ತಂದ ಉಪಾಯ.

ಏನಿದು? ಬಟ್ಟೆ ಒಗೆಯುವ ಯಂತ್ರ? ಹತ್ತಿರ ಬಂದಿರಿ, ಆದರೆ ಅಲ್ಲ. ಬೆಣ್ಣೆ ಕಡೆಯುವ ಸಾಧನ? ಅದೂ ಅಲ್ಲ.

ಇದು ಕಿಡ್ನಿ. ಮನುಷ್ಯನ ಮೂತ್ರಪಿಂಡ!

1943. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಹಾಲೆಂಡ್ ದೇಶ ಹಿಟ್ಲರನ ಸೈನ್ಯದ ಕೈಯಲ್ಲಿತ್ತು. ಔಷಧ ಇಲ್ಲ, ಲೋಹ ಇಲ್ಲ. ಅಂಥ ಕಾಲದಲ್ಲಿ ಕಾಂಪೆನ್ ಎಂಬ ಪುಟ್ಟ ಊರಿನ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷದ ವೈದ್ಯನೊಬ್ಬ ಈ ವಿಚಿತ್ರವನ್ನು ಕಟ್ಟಿ ನಿಲ್ಲಿಸಿದ್ದ. ಹೆಸರು ವಿಲೆಮ್ ಕೊಲ್ಫ್.

ಅವನ ಕಥೆಗೆ ಬರೋಣ. ಅದಕ್ಕೂ ಮುಂಚೆ ಒಂದು ನಿಮಿಷ ನಿಮ್ಮ ಬೆನ್ನಿಗೆ, ಪಕ್ಕೆಲುಬು ಮುಗಿಯುವಲ್ಲಿ ಕೈ ಇಟ್ಟುಕೊಳ್ಳಿ. ಅಲ್ಲಿವೆ ಎರಡು. ಒಂದೊಂದೂ ಮುಷ್ಟಿಗಾತ್ರ. ತೂಕ 150 ಗ್ರಾಂ ಆಸುಪಾಸು. ದೊಡ್ಡ ಟೊಮೆಟೊ ಹಣ್ಣಿನಷ್ಟು ಅಷ್ಟೇ!

ಈ ಎರಡು ಟೊಮೆಟೊಗಳು ಸೇರಿ ದಿನಕ್ಕೆ ಎಷ್ಟು ದ್ರವ ಸೋಸುತ್ತವೆ? ಊಹಿಸಿ. ಎರಡು ಲೀಟರ್? ಹತ್ತು? ಧೈರ್ಯ ಮಾಡಿ ಇಪ್ಪತ್ತು ಅನ್ನುತ್ತೀರಾ?

180 ಲೀಟರ್!

ಮನೆಗೆ ತರಿಸುವ ದೊಡ್ಡ ನೀರಿನ ಕ್ಯಾನು ನೆನಪಿಸಿಕೊಳ್ಳಿ. ಅಂಥ ಒಂಬತ್ತು ಕ್ಯಾನು! ಪ್ರತಿದಿನ! ಅದರಲ್ಲಿ ಮೂತ್ರವಾಗಿ ಹೊರಬೀಳುವುದು ಬರೀ ಒಂದೂವರೆ ಲೀಟರ್ ಚಿಲ್ಲರೆ. ಉಳಿದದ್ದೆಲ್ಲ ಹನಿಯೂ ಪೋಲಾಗದಂತೆ ರಕ್ತಕ್ಕೇ ವಾಪಸ್ಸು. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳು ಕೂತು ಈ ಕೆಲಸ ಮಾಡುತ್ತಿವೆ. ನೀವು ಇದನ್ನು ಓದುತ್ತಿರುವಾಗಲೂ.

ಇದರ ಬದಲಿಗೆ ಸಾಸೇಜ್ ಸಿಪ್ಪೆ!

1938ರಲ್ಲಿ ಕೊಲ್ಫ್ ಗ್ರೋನಿಂಗೆನ್ ಊರಿನ ಆಸ್ಪತ್ರೆಯಲ್ಲಿ ಎಳೆಯ ವೈದ್ಯ. ಅವನ ಆರೈಕೆಯಲ್ಲಿ 22 ವರ್ಷದ ರೈತರ ಹುಡುಗ. ಎರಡೂ ಕಿಡ್ನಿ ಫೇಲ್. ವಾಂತಿ, ತಲೆನೋವು, ಮೆಲ್ಲಮೆಲ್ಲನೆ ಆರುತ್ತಿರುವ ಕಣ್ಣು. ಕಪ್ಪು ಉಡುಪಿನ ಬಡ ತಾಯಿಗೆ 'ನಿನ್ನ ಒಬ್ಬನೇ ಮಗ ಉಳಿಯುವುದಿಲ್ಲ' ಎಂದು ಹೇಳುವ ಪಾಳಿ ಕೊಲ್ಫ್‌ನದಾಯಿತು. ಹೇಳಿದ. ಆದರೆ ತಲೆಯೊಳಗೆ ಲೆಕ್ಕವೊಂದು ಕೊರೆಯತೊಡಗಿತು. ಈ ಹುಡುಗನನ್ನು ಕೊಲ್ಲುತ್ತಿರುವ ಕಸ ಎಷ್ಟು? ದಿನಕ್ಕೆ 20 ಗ್ರಾಂ ಯೂರಿಯಾ ಹೊರತೆಗೆದರೂ ಸಾಕಲ್ಲ!

20 ಗ್ರಾಂ! ನಾಲ್ಕೈದು ಚಮಚ ಸಕ್ಕರೆಯ ತೂಕ! ಒಂದು ಜೀವಕ್ಕೂ ಸಾವಿಗೂ ನಡುವೆ ಅಷ್ಟೇ.

ಆಗ ಸಿಕ್ಕಿತು ಸೆಲೋಫೇನ್. ಸಾಸೇಜ್ ಸಿಪ್ಪೆಗೆ ಬಳಸುತ್ತಿದ್ದ ಪಾರದರ್ಶಕ ಹಾಳೆ. ಕಣ್ಣಿಗೆ ಒಂದು ತೂತೂ ಕಾಣದು. ಆದರೆ ಮೈತುಂಬ ತೂತು! ಯೂರಿಯಾ ನುಸುಳಬಲ್ಲಷ್ಟು, ರಕ್ತಕಣಗಳು ನುಸುಳಲಾರದಷ್ಟು. ಕೊಲ್ಫ್ ಒಂದು ತುಂಡು ಸಿಪ್ಪೆಗೆ ಸ್ವಲ್ಪ ರಕ್ತ ತುಂಬಿದ. ಅದಕ್ಕೆ ಯೂರಿಯಾ ಬೆರೆಸಿದ. ಎರಡೂ ತುದಿ ಕಟ್ಟಿ ಉಪ್ಪುನೀರಿನಲ್ಲಿ ಅಲ್ಲಾಡಿಸಿದ. ಬಿಸಿನೀರಲ್ಲಿ ಟೀ ಬ್ಯಾಗು ಅದ್ದಿ ಆಡಿಸಿದ ಹಾಗೆ!

ಯೂರಿಯಾ ಹೆಚ್ಚುಕಡಿಮೆ ಪೂರ್ತಿ ನೀರಿಗೆ ಇಳಿದಿತ್ತು. ರಕ್ತ ಸಿಪ್ಪೆಯೊಳಗೇ ಇತ್ತು.

ಅಷ್ಟೇ. ಡಯಾಲಿಸಿಸ್ ಎಂದರೆ ಅಷ್ಟೇ! ಹಿಂಡಬೇಕಿಲ್ಲ, ಕುದಿಸಬೇಕಿಲ್ಲ. ಕಸ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿಯೇ ಹೋಗುತ್ತದೆ.

ಇಲ್ಲೊಂದು ತೊಡಕಿದೆ, ಮಲೆನಾಡಿನವರು ಕಿವಿಗೊಡಿ. ಮೈಯಿಂದ ಹೊರಬಂದ ರಕ್ತ ಹೆಪ್ಪುಗಟ್ಟುತ್ತದೆ. ಸಿಪ್ಪೆಯೊಳಗೆ ಗಟ್ಟಿಯಾದರೆ ಕಥೆ ಮುಗಿಯಿತು. ಇಂಬಳ, ಅಂದರೆ ಜಿಗಣೆ, ಕಚ್ಚಿದ ಜಾಗದಿಂದ ರಕ್ತ ಗಂಟೆಗಟ್ಟಲೆ ಒಸರುತ್ತಲೇ ಇರುತ್ತದಲ್ಲ? ಅದರ ಬಾಯಲ್ಲಿ ಹೆಪ್ಪು ತಡೆಯುವ ರಸ ಇದೆ. 1913ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ ಜೇಕಬ್ ಏಬೆಲ್ ಎಂಬ ವಿಜ್ಞಾನಿ ನಾಯಿಗಳ ರಕ್ತ ಸೋಸಲು ಹೊರಟಾಗ ಬಳಸಿದ್ದು ಏನು ಗೊತ್ತೆ? ಜಿಗಣೆಗಳ ತಲೆ ಅರೆದು ತೆಗೆದ ಅದೇ ರಸ! ಕೊಲ್ಫ್‌ನ ಕಾಲಕ್ಕೆ ಹೆಪಾರಿನ್ ಬಂದಿತ್ತು. ಜಿಗಣೆಗಳು ಬಚಾವ್.

1940ರ ಮೇ ತಿಂಗಳಲ್ಲಿ ನಾಜಿಗಳು ನುಗ್ಗಿದರು. ಕೊಲ್ಫ್ ಅಂದು ಶವಸಂಸ್ಕಾರಕ್ಕೆಂದು ಹೇಗ್ ನಗರಕ್ಕೆ ಹೋಗಿದ್ದ. ಬಾಂಬು ಬೀಳುತ್ತಿದ್ದ ಊರಿನಲ್ಲಿ ನಾಲ್ಕೇ ದಿನದೊಳಗೆ ರಕ್ತನಿಧಿ ಎಬ್ಬಿಸಿ ನಿಲ್ಲಿಸಿದ! ಗ್ರೋನಿಂಗೆನ್‌ಗೆ ಮರಳಿದರೆ ಅವನ ಯಹೂದಿ ಗುರು ಪತ್ನಿಯೊಂದಿಗೆ ಆತ್ಮಹತ್ಯೆ ಮಾಡಿಕೊಂಡಿದ್ದರು. ಆ ಕುರ್ಚಿಗೆ ನಾಜಿ ಬಂದು ಕೂತ. ಅವನ ಕೈಕೆಳಗೆ ದುಡಿಯಲೊಲ್ಲದೆ ಕೊಲ್ಫ್ ಕಾಂಪೆನ್‌ಗೆ ಹೊರಟುಹೋದ.

ಅಲ್ಲಿ ಅಡುಗೆ ಪಾತ್ರೆ ಮಾಡುವ ಎನಾಮಲ್ ಕಾರ್ಖಾನೆಯೊಂದಿತ್ತು. ಅದರ ಯಜಮಾನ ಹೆಂಡ್ರಿಕ್ ಬರ್ಕ್ ಕೈಜೋಡಿಸಿದ. ಹೊರಗೆ ಪಾತ್ರೆ ಕಾರ್ಖಾನೆ, ಒಳಗೆ ಕಿಡ್ನಿ ಕಾರ್ಖಾನೆ!

ಯಂತ್ರ ಕೆಲಸ ಮಾಡುವ ಚೆಂದ ನೋಡಿ. ರಕ್ತ ಭಾರ, ಹಾಗಾಗಿ ಸುರುಳಿ ಸುತ್ತಿದ ಸಿಪ್ಪೆಯ ತಳದಲ್ಲಿ ನಿಲ್ಲುತ್ತದೆ. ಪೀಪಾಯಿ ಒಂದು ಸುತ್ತು ತಿರುಗಿದರೆ ರಕ್ತ ಒಂದು ಸುತ್ತು ಮುಂದಕ್ಕೆ. ಪ್ರತಿ ಸುತ್ತಿಗೂ ಉಪ್ಪುನೀರಿನಲ್ಲಿ ಒಂದು ಮುಳುಗು. ಒಂದು ತುದಿಯಲ್ಲಿ ಕೊಳೆ ರಕ್ತ ಒಳಗೆ, ಇನ್ನೊಂದು ತುದಿಯಲ್ಲಿ ತೊಳೆದ ರಕ್ತ ಹೊರಗೆ. ರಾಟೆಯಲ್ಲಿ ನೂಲು ಸುತ್ತಿದ ಹಾಗೆ ರಕ್ತ ಸುತ್ತುತ್ತಿತ್ತು!

ನಿಂತು ನೋಡುತ್ತಿದ್ದ ಕೊಲ್ಫ್‌ಗೆ ಇನ್ನೊಂದು ಅಚ್ಚರಿ ಕಂಡಿತು. ಕಪ್ಪಾಗಿ ಒಳಹೋದ ರಕ್ತ ಹೊರಬರುವಾಗ ಕೆಂಪಗೆ ಹೊಳೆಯುತ್ತಿತ್ತು! ಸಿಪ್ಪೆಯ ಮೂಲಕ ಆಮ್ಲಜನಕವೂ ನುಸುಳಿತ್ತು. ಅಂದರೆ ಇದೇ ಸಿಪ್ಪೆ ಶ್ವಾಸಕೋಶವೂ ಆಗಬಹುದು! ಮುಂದೆ ಹೃದಯದ ಶಸ್ತ್ರಚಿಕಿತ್ಸೆಗೆ ಬೇಕಾದ ಯಂತ್ರಗಳತ್ತ ಅವನನ್ನು ಎಳೆದದ್ದು ಈ ಕೆಂಪು.

1943ರ ಮಾರ್ಚ್ 17. ಮೊದಲ ರೋಗಿ, 29 ವರ್ಷದ ಹೆಣ್ಣುಮಗಳು. ಹನ್ನೆರಡು ಸಲ ಯಂತ್ರಕ್ಕೆ ಜೋಡಿಸಿದರು. ಪ್ರತಿ ಸಲವೂ ಹೊಸ ರಕ್ತನಾಳ ಕೊಯ್ಯಬೇಕು. ಯಂತ್ರ ಸೋಲಲಿಲ್ಲ. ಕೊಯ್ಯಲು ಮೈಯಲ್ಲಿ ರಕ್ತನಾಳಗಳೇ ಉಳಿಯಲಿಲ್ಲ. ಆಕೆ ತೀರಿಕೊಂಡಳು.

ಎರಡನೆಯವರು. ಮೂರನೆಯವರು. ಹತ್ತನೆಯವರು. ಹೆಚ್ಚುಕಡಿಮೆ ಎಲ್ಲರೂ ಹೋದರು. ಎರಡು ವರ್ಷ! ನೀವಾಗಿದ್ದರೆ ಎಷ್ಟನೆಯ ಸಾವಿಗೆ ಕೈಚೆಲ್ಲುತ್ತಿದ್ದಿರಿ? ನಾನಾಗಿದ್ದರೆ ಮೂರನೆಯದಕ್ಕೇ ಪೀಪಾಯಿಯನ್ನು ಸೌದೆ ಮಾಡುತ್ತಿದ್ದೆ.

1945ರ ಸೆಪ್ಟೆಂಬರ್. ಯುದ್ಧ ಮುಗಿದಿತ್ತು. 67 ವರ್ಷದ ಹೆಂಗಸೊಬ್ಬಳನ್ನು ತಂದರು. ಪ್ರಜ್ಞೆ ಇರಲಿಲ್ಲ. ಎಲ್ಲಿಂದ ತಂದರು ಗೊತ್ತೆ? ಸೆರೆಮನೆಯಿಂದ! ಆಕೆ ನಾಜಿಗಳ ಜೊತೆ ಕೈಜೋಡಿಸಿದವಳು. ಸತ್ತರೆ ಸಾಯಲಿ ಎನ್ನುವವರೇ ಊರ ತುಂಬ. ಕೊಲ್ಫ್? ಆಕ್ರಮಣದ ವರ್ಷಗಳಲ್ಲಿ ನಾಜಿಗಳ ಶಿಬಿರದ ಪಾಲಾಗಬೇಕಿದ್ದವರನ್ನು ಆಸ್ಪತ್ರೆಯಲ್ಲಿ ಬಚ್ಚಿಟ್ಟು ಉಳಿಸಿದವನು. ಅವನಿಗೆ ಈ ರೋಗಿ!

ಜೋಡಿಸಿದ. ಪೀಪಾಯಿ ತಿರುಗಿತು. ಒಂದು ಗಂಟೆ. ನಾಲ್ಕು ಗಂಟೆ. ಎಂಟು. ಹನ್ನೊಂದು ಗಂಟೆ!

ಕಣ್ಣು ಬಿಟ್ಟಳು.

ಸಾವಿನ ಬಾಯಿಂದ ಮರಳಿದ ಆ ಮಹಾತಾಯಿ ಆಡಿದ ಮೊದಲ ಮಾತು ಏನಿರಬಹುದು? ದೇವರೇ? ನೀರು? ಮಕ್ಕಳೆಲ್ಲಿ?

ಗಂಡನಿಗೆ ಡೈವೋರ್ಸ್ ಕೊಡುತ್ತೇನೆ ಎಂದಳಂತೆ!

ಕೃತಕ ಕಿಡ್ನಿ ಉಳಿಸಿದ ಜೀವದ ಮೊದಲ ಮಾತು ಅದು. ಆಮೇಲೆ ಆಕೆ ಏಳು ವರ್ಷ ಬದುಕಿದ್ದಳು. ಸತ್ತದ್ದು ಬೇರೆ ಕಾರಣಕ್ಕೆ.

ಕೊಲ್ಫ್ ಏನು ಮಾಡಿದ? ಹಕ್ಕು ಕಾದಿರಿಸಿ ಕೋಟಿ ಗಳಿಸಿದನೆ? ತಾನು ಕಟ್ಟಿದ ಯಂತ್ರಗಳನ್ನು ಲಂಡನ್, ನ್ಯೂಯಾರ್ಕ್, ಮಾಂಟ್ರಿಯಲ್ ಆಸ್ಪತ್ರೆಗಳಿಗೆ ಸುಮ್ಮನೆ ಕೊಟ್ಟುಬಿಟ್ಟ! ಅಮೆರಿಕಕ್ಕೆ ಹೋದ ಮೇಲೂ ಅವನ ಚಾಳಿ ಬಿಡಲಿಲ್ಲ. ಹಣ್ಣಿನ ರಸದ ಡಬ್ಬಿಗೆ ಸಿಪ್ಪೆ ಸುತ್ತಿ ಕಿಡ್ನಿ ಮಾಡಿದ. ಮುಂದೊಮ್ಮೆ ಮೇಟ್ಯಾಗ್ ಕಂಪನಿಯ ವಾಷಿಂಗ್ ಮಷೀನನ್ನೇ ಡಯಾಲಿಸಿಸ್ ಯಂತ್ರವಾಗಿಸಿದ! ಒಗಟಿಗೆ ನೀವು ಕೊಟ್ಟ ಉತ್ತರ ಪೂರ್ತಿ ತಪ್ಪಾಗಿರಲಿಲ್ಲ.

ಆದರೂ ಆ ಮೊದಲ ಹೆಣ್ಣುಮಗಳನ್ನು ಕೊಂದ ತೊಡಕು ಹಾಗೇ ಇತ್ತು. ಕೊಯ್ಯಲು ರಕ್ತನಾಳ ಎಲ್ಲಿ? ಕೆಲವು ದಿನ ಕೈಕೊಟ್ಟ ಕಿಡ್ನಿ ಚೇತರಿಸುವವರೆಗೆ ಯಂತ್ರ ಸಾಕು. ಕಿಡ್ನಿ ಎಂದೆಂದಿಗೂ ಹೋದವರಿಗೆ?

1960, ಸಿಯಾಟಲ್. ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯ ನಟ್ಟಿರುಳಲ್ಲಿ ಎದ್ದು ಕೂತ. ಉತ್ತರ ಹೊಳೆದಿತ್ತು! ಧಮನಿಗೆ ಒಂದು ಕೊಳವೆ, ಸಿರೆಗೆ ಒಂದು ಕೊಳವೆ, ಡಯಾಲಿಸಿಸ್ ಇಲ್ಲದ ದಿನ ಎರಡನ್ನೂ ಮೈಹೊರಗೇ ಒಂದಕ್ಕೊಂದು ಸಿಕ್ಕಿಸಿಬಿಡುವುದು. ಕೊಳವೆ ಯಾವುದರದು? ರಕ್ತ ಅಂಟಿ ಹೆಪ್ಪುಗಟ್ಟಬಾರದು. ಏನೂ ಅಂಟದ ವಸ್ತು ಬೇಕು. ನಿಮ್ಮ ಅಡುಗೆಮನೆಯಲ್ಲೂ ಇದೆ, ನೋಡಿ. ದೋಸೆ ಏಳುವ ನಾನ್‌ಸ್ಟಿಕ್ ಕಾವಲಿ. ಟೆಫ್ಲಾನ್!

ಬೋಯಿಂಗ್ ವಿಮಾನ ಕಾರ್ಖಾನೆಯ ಕೆಲಸಗಾರ ಕ್ಲೈಡ್ ಶೀಲ್ಡ್ಸ್‌ನ ತೋಳಿಗೆ 1960ರ ಮಾರ್ಚ್ 9ರಂದು ಅದನ್ನು ಕೂರಿಸಿದರು. ಅವನಿಗೆ ಉಳಿದಿದ್ದದ್ದು ವಾರಗಳು. ಬದುಕಿದ್ದು ಹನ್ನೊಂದು ವರ್ಷ!

ಇಲ್ಲಿ ಮಾತ್ರ ನನ್ನ ಸಂಭ್ರಮ ಒಂದು ಗಳಿಗೆ ನಿಲ್ಲುತ್ತದೆ. ಸಿಯಾಟಲ್‌ನಲ್ಲಿ ಯಂತ್ರ ಕೆಲವೇ ಇದ್ದವು, ರೋಗಿಗಳು ಬಹಳ. ಯಾರನ್ನು ಉಳಿಸುವುದು? ಏಳು ಜನರ ಸಮಿತಿ ಮಾಡಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವನು, ಒಬ್ಬ ಗೃಹಿಣಿ, ಹೀಗೆ. ಹೆಸರು ಗುಟ್ಟು. ಅರ್ಜಿದಾರನಿಗೆ ಮಕ್ಕಳೆಷ್ಟು, ಆಸ್ತಿಯೆಷ್ಟು, ಚರ್ಚಿಗೆ ಹೋಗುತ್ತಾನೆಯೆ, ಎಲ್ಲ ನೋಡಿ ತೀರ್ಮಾನ. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬಯಲಿಗಿಟ್ಟಾಗ ಅಮೆರಿಕ ಬೆಚ್ಚಿಬಿತ್ತು. ಹತ್ತು ವರ್ಷದ ಮೇಲೆ ಸರ್ಕಾರವೇ ಖರ್ಚು ಹೊರುವ ಕಾನೂನು ಬಂತು. ಆ ಏಳು ಕುರ್ಚಿಗಳಲ್ಲಿ ಒಂದರಲ್ಲಿ ನೀವು ಕೂರುತ್ತಿದ್ದಿರಾ?

ಈಗ ನನ್ನ ಸೋದರಮಾವನ ಎಡಗೈ.

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ, ಗುರುವಾರ, ಶನಿವಾರ ಅವರ ಡಯಾಲಿಸಿಸ್. ಒಮ್ಮೆ ಜೊತೆಗೆ ಹೋಗಿದ್ದೆ. ಮಾವ ಅಂಗಿ ತೋಳು ಮೇಲಕ್ಕೆಳೆದು, "ಮುಟ್ಟಿ ನೋಡೋ" ಅಂದರು. ಮಣಿಕಟ್ಟಿನ ಮೇಲೆ ಬೆರಳಿಟ್ಟೆ. ಮೈ ಜುಮ್ಮೆಂದಿತು! ಚರ್ಮದಡಿ ಏನೋ ಗುಂಯ್‌ಗುಡುತ್ತಿದೆ! ಹೊಟ್ಟೆ ಸವರಿದಾಗ ಬೆಕ್ಕು ಗುರ್ರೆನ್ನುತ್ತದಲ್ಲ, ಹಾಗೆ! "ಕಿವಿ ಇಟ್ಟು ಕೇಳು" ಅಂದರು. ಇಟ್ಟೆ. ಜುಂಯ್, ಜುಂಯ್, ಜುಂಯ್. ತೋಳಿನೊಳಗೆ ಹಳ್ಳ ಹರಿಯುತ್ತಿತ್ತು!

ಇದು ಫಿಸ್ಟುಲಾ. ಧಮನಿಯನ್ನು ಪಕ್ಕದ ಸಿರೆಗೇ ಹೊಲಿದುಬಿಡುವುದು! ಧಮನಿಯ ರಭಸ ನುಗ್ಗಿ ಸಿರೆ ವಾರಗಳಲ್ಲಿ ಉಬ್ಬಿ ಗಟ್ಟಿಯಾಗುತ್ತದೆ. ಆಮೇಲೆ ನೂರಾರು ಸಲ ಸೂಜಿ ಚುಚ್ಚಿದರೂ ತಾಳುತ್ತದೆ. ಕೊಳವೆ ಬೇಡ, ಟೆಫ್ಲಾನ್ ಬೇಡ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಬ್ರೆಷಿಯಾ, ಸಿಮಿನೊ ಮತ್ತು ಸಂಗಡಿಗರು 1966ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯ ಇದು. ಸಿಮಿನೊ ವಿದ್ಯಾರ್ಥಿಯಾಗಿದ್ದಾಗ ಆಸ್ಪತ್ರೆಯಲ್ಲಿ ರಕ್ತ ಎಳೆಯುವ ಕೆಲಸ ಮಾಡಿದ್ದವನು. ಒಳ್ಳೆಯ ಸಿರೆ ಸಿಗುವ ಕಷ್ಟ ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಮಾವ ಬೆಳಗ್ಗೆ ಎದ್ದೊಡನೆ ದೇವರಿಗೆ ಕೈಮುಗಿಯುವ ಮುಂಚೆ ಮಣಿಕಟ್ಟು ಮುಟ್ಟಿ ನೋಡುತ್ತಾರೆ. ಗುಂಯ್ ಎಂದರೆ ಸರಿ.

ಯಂತ್ರದ ಪಕ್ಕದಲ್ಲಿ ಒಂದು ಪಾರದರ್ಶಕ ಕೊಳವೆ ನಿಂತಿತ್ತು. ಮುಂಗೈಯಷ್ಟು ಉದ್ದ. ಅದೇ ಡಯಾಲೈಸರ್. ಕೊಲ್ಫ್‌ನ ಸಿಪ್ಪೆಯ ಮೊಮ್ಮಗ! ಒಳಗೇನಿದೆ ಗೊತ್ತೆ? ಕೂದಲಿನಂಥ ಎಳೆಗಳು. ಒಂದೊಂದೂ ಟೊಳ್ಳು. ರಕ್ತ ಹರಿಯುವುದು ಆ ಕೂದಲಿನೊಳಗೆ! ಹೊರಗಿಂದ ತೊಳೆಯುವ ನೀರು. ಎಳೆಗಳೆಷ್ಟು? ನೂರು? ಸಾವಿರ?

10,000! ಕೆಲವದರಲ್ಲಿ ಇನ್ನೂ ಹೆಚ್ಚು. ಒಂದರ ತುದಿಗೊಂದು ಕಟ್ಟುತ್ತ ಹೋದರೆ ಎರಡು ಕಿಲೋಮೀಟರ್ ದಾಟುತ್ತದೆ. ಬಿಚ್ಚಿ ಹರಡಿದರೆ ಮನೆ ಬಾಗಿಲಿನಷ್ಟು ಅಗಲ. ಎಲ್ಲ ಮುಂಗೈಯುದ್ದದ ಕೊಳವೆಯಲ್ಲಿ!

ನೀರಿನ ಲೆಕ್ಕ ಕೇಳಿ. ನಿಮಿಷಕ್ಕೆ ಅರ್ಧ ಲೀಟರ್. ನಾಲ್ಕು ಗಂಟೆಗೆ 120 ಲೀಟರ್! ವಾರಕ್ಕೆ ಮೂರು ಸಲ, ಅಂದರೆ 360. ಇಷ್ಟೆಲ್ಲ ನೀರು ಮಾವನ ರಕ್ತಕ್ಕೆ ಒಂದು ತೆಳು ಪೊರೆಯ ಆಚೆ ಹರಿಯುತ್ತದೆ. ಆದರೆ ಅವರು ಕುಡಿಯುವ ನೀರು? ಲೋಟ ಲೆಕ್ಕ! ಕುಡಿದದ್ದು ಹೊರಹೋಗಲು ದಾರಿಯಿಲ್ಲ, ಮುಂದಿನ ಡಯಾಲಿಸಿಸ್‌ವರೆಗೆ ಮೈಯಲ್ಲೇ ನಿಲ್ಲುತ್ತದೆ. ನರ್ಸಮ್ಮ ಬಂದವರನ್ನೆಲ್ಲ ಮೊದಲು ತಕ್ಕಡಿ ಹತ್ತಿಸುತ್ತಾರೆ. "ಏನ್ ಅಣ್ಣಾ, ಎರಡೂವರೆ ಕೆ.ಜಿ. ಜಾಸ್ತಿ! ಮದುವೆಗೆ ಹೋಗಿದ್ರಾ?" ಸುಳ್ಳು ನಡೆಯುವುದಿಲ್ಲ.

ಇನ್ನೂ ಒಂದು ಕೇಳಿ. ಯಾವ ರೋಗಿಗೂ ಕೊಡುವ, ಅಮೃತ ಎನ್ನುವ ಪಾನೀಯ ನಮ್ಮಲ್ಲಿ ಯಾವುದು? ಎಳನೀರು! ಇವರಿಗೆ ಅದೇ ಗಂಡಾಂತರ. ಅದರಲ್ಲಿ ಪೊಟ್ಯಾಶಿಯಂ ತುಂಬಿದೆ. ಕಿಡ್ನಿ ಇಲ್ಲದ ಮೈಯಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯವೇ ನಿಲ್ಲಬಹುದು! ಮಾವನ ತೋಟದಲ್ಲಿ ಎಂಬತ್ತು ತೆಂಗಿನ ಮರಗಳಿವೆ.

ಯಂತ್ರವೇ ಇಲ್ಲದೆ ಡಯಾಲಿಸಿಸ್ ಸಾಧ್ಯವೆ? ಸಾಧ್ಯ! ಸಿಪ್ಪೆ ನಿಮ್ಮೊಳಗೇ ಇದೆ! ಕರುಳುಗಳನ್ನು ಹೊದ್ದಿರುವ ಪೆರಿಟೋನಿಯಂ ಎಂಬ ಪೊರೆ. ಹೊಟ್ಟೆಗೆ ಮೆತ್ತನೆಯ ಕೊಳವೆ ಹಾಕಿ ಎರಡು ಲೀಟರ್ ಸಕ್ಕರೆ ಬೆರೆತ ದ್ರವ ಇಳಿಸಿದರೆ ರಕ್ತದ ಕಸ ತಾನಾಗಿ ಅದಕ್ಕೆ ಬರುತ್ತದೆ. ಸಕ್ಕರೆ ಹೆಚ್ಚುವರಿ ನೀರನ್ನೂ ಎಳೆಯುತ್ತದೆ, ಉಪ್ಪಿನಕಾಯಿಗೆ ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಟ್ಟ ಹಾಗೆ! ಕೆಲವು ಗಂಟೆ ಬಿಟ್ಟು ಬಸಿದು ಹೊಸದು ತುಂಬಿಸಿದರಾಯಿತು. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ. ಆಫೀಸಿನ ಕುರ್ಚಿಯಲ್ಲಿ ಕೂತವರ ಹೊಟ್ಟೆಯೊಳಗೆ ಡಯಾಲಿಸಿಸ್ ನಡೆಯುತ್ತಿರುತ್ತದೆ, ಪಕ್ಕದವರಿಗೆ ಗೊತ್ತೇ ಆಗದು!

ಇನ್ನು ಕಸಿ. ಹೊಸ ಕಿಡ್ನಿ ಹಾಕಿಸಿಕೊಂಡವರ ಮೈಯಲ್ಲಿ ಸಾಮಾನ್ಯವಾಗಿ ಎಷ್ಟು ಕಿಡ್ನಿ ಇರುತ್ತವೆ? ಎರಡು ಅನ್ನಬೇಡಿ. ಮೂರು! ಕೆಟ್ಟವನ್ನು ತೆಗೆಯುವ ಗೋಜಿಗೇ ಸಾಮಾನ್ಯವಾಗಿ ಹೋಗುವುದಿಲ್ಲ. ಹೊಸದನ್ನು ಕೂರಿಸುವುದು ಬೆನ್ನಿನಲ್ಲೂ ಅಲ್ಲ, ಕೆಳಹೊಟ್ಟೆಯ ಪಕ್ಕ, ತೊಡೆಸಂದಿಯ ಹತ್ತಿರ!

1954ರ ಡಿಸೆಂಬರ್ 23, ಬಾಸ್ಟನ್. ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿ. ಕೊಟ್ಟವನು ರೊನಾಲ್ಡ್, ಪಡೆದವನು ಅವನ ಅವಳಿ ಸೋದರ ರಿಚರ್ಡ್ ಹೆರಿಕ್. ಆ ಕಾಲಕ್ಕೆ ತದ್ರೂಪಿ ಅವಳಿಗಳಾದರಷ್ಟೇ ಮೈ ಒಪ್ಪೀತು. ನಿಜಕ್ಕೂ ತದ್ರೂಪಿಗಳೆ? ಖಾತ್ರಿಗೆ ಇಬ್ಬರನ್ನೂ ಪೊಲೀಸ್ ಠಾಣೆಗೆ ಕರೆದೊಯ್ದು ಬೆರಳಚ್ಚು ತೆಗೆಸಿದರು! ಠಾಣೆಯ ಬಾಗಿಲಲ್ಲಿ ಸುಳಿಯುವ ಪತ್ರಕರ್ತರಿಗೆ ಸುದ್ದಿ ಸಿಕ್ಕಿಯೇಬಿಟ್ಟಿತು. ರಿಚರ್ಡ್ ಎಂಟು ವರ್ಷ ಬದುಕಿದ. ಆರೈಕೆ ಮಾಡಿದ ನರ್ಸನ್ನೇ ಮದುವೆಯಾದ! ಮರ್ರೆಗೆ 1990ರಲ್ಲಿ ನೊಬೆಲ್.

ಆದರೆ ಎಲ್ಲರಿಗೂ ಅವಳಿ ಎಲ್ಲಿಂದ ಬರಬೇಕು? ನಮ್ಮ ರಾಜ್ಯದಲ್ಲಿ ಮಿದುಳು ಸತ್ತವರ ಅಂಗಗಳನ್ನು ಹಂಚುವ 'ಜೀವಸಾರ್ಥಕತೆ'ಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವವರು ಕಾಯುತ್ತಲೇ ಇದ್ದಾರೆ. ಮಾವನೂ ಅವರಲ್ಲೊಬ್ಬರು.

ಸಾಸೇಜ್ ಮಾಡುವುದು ಯಾವ ಪ್ರಾಣಿಯ ಮಾಂಸದಿಂದ? ಹೆಚ್ಚಾಗಿ ಹಂದಿ. ಆ ಹಂದಿಯೂ ಈಗ ಈ ಕಥೆಯೊಳಗೆ ಬಂದಿದೆ, ಸಾಸೇಜ್ ಆಗಿ ಅಲ್ಲ! 2024ರ ಮಾರ್ಚ್ 16, ಮತ್ತೆ ಬಾಸ್ಟನ್. 62 ವರ್ಷದ ಮನುಷ್ಯನಿಗೆ ಹಂದಿಯ ಕಿಡ್ನಿ ಹಾಕಿದರು! ಹಾಗೇ ಹಾಕಿದರೆ ಮೈ ಕ್ಷಣದಲ್ಲಿ ತಿರಸ್ಕರಿಸುತ್ತದೆ. ಹಾಗಾಗಿ ಆ ಹಂದಿಯ ವಂಶವಾಹಿಗಳಲ್ಲೇ ತಿದ್ದುಪಡಿ. ಎಷ್ಟು ಕಡೆ? 69!

ಹೊಲಿಗೆ ಮುಗಿಯಿತು. ಕಟ್ಟು ಸಡಿಲಿಸಿದರು. ಮನುಷ್ಯನ ರಕ್ತ ಹಂದಿಯ ಕಿಡ್ನಿಗೆ ನುಗ್ಗಿತು. ಬಿಳಚಿಕೊಂಡಿದ್ದ ಮಾಂಸ ಗುಲಾಬಿ ಬಣ್ಣಕ್ಕೆ ತಿರುಗಿತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದದ್ದು ಏನನ್ನು? ಮೂತ್ರ! ಮೂತ್ರ ಬಂತು! ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ!

ಆತ ಎರಡು ತಿಂಗಳಿಗೆ ತೀರಿಕೊಂಡರು. ಕಸಿಯಿಂದ ಅಂತ ಹೇಳಲು ಯಾವ ಕುರುಹೂ ಇಲ್ಲ ಎಂದಿತು ಆಸ್ಪತ್ರೆ. 2025ರಲ್ಲಿ ಕಸಿಯಾದ ಇನ್ನೊಬ್ಬರಲ್ಲಿ ಹಂದಿಯ ಕಿಡ್ನಿ 271 ದಿನ ದುಡಿಯಿತು. ಒಂಬತ್ತು ತಿಂಗಳು!

ಇಷ್ಟನ್ನೂ ಓದಿದ ಉಮೇದಿನಲ್ಲಿ ಓಡಿಹೋಗಿ ಮಾವನಿಗೆ ಹೇಳಿದೆ. ಸಂಪ್ರದಾಯಸ್ಥರು, ಮೊಟ್ಟೆ ಸೋಕಿದ ಪಾತ್ರೆಯನ್ನೂ ಹೊರಗಿಡುವವರು. ಹಂದಿ ಅಂದಾಗ ಮುಖ ಕಿವುಚುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ತೋಟದ ಕಡೆ ನೋಡಿದರು.

"ಅದು ಹಾಕಿದ ಮೇಲೆ ಎಳನೀರು ಕುಡೀಬಹುದಂತಾ? ಅದೊಂದು ಕೇಳ್ಕೊಂಡು ಬಾ."